ಮೀಟರ್ ಮೇಲೆ ಎಷ್ಟು ಕೊಡ್ತೀರಾ?

1907ರಲ್ಲಿ ನ್ಯೂಯಾರ್ಕ್‌ನ ಹ್ಯಾರಿ ಅಲೆನ್ ಎಂಬ ಉದ್ಯಮಿ ಮುಕ್ಕಾಲು ಮೈಲಿ ದೂರಕ್ಕೆ ಒಂದು ಕುದುರೆಗಾಡಿ ಹತ್ತಿದ. ಇಳಿಯುವ ಹೊತ್ತಿಗೆ ಗಾಡಿಯವನು ಕೇಳಿದ್ದು ಐದು ಡಾಲರ್. ಅಂದಿನ ಲೆಕ್ಕದಲ್ಲಿ ಅದು ಕೂಲಿಯಾಳಿನ ಎರಡು ದಿನದ ಸಂಬಳಕ್ಕಿಂತ ಹೆಚ್ಚು. ಬೇರೆಯವರಾಗಿದ್ದರೆ ಗೊಣಗುತ್ತಾ ಕೊಟ್ಟು, ಮನೆಗೆ ಹೋಗಿ ಹೆಂಡತಿಯ ಹತ್ತಿರ ಹೇಳಿಕೊಂಡು ಸುಮ್ಮನಾಗುತ್ತಿದ್ದರು. ಅಲೆನ್ ಸುಮ್ಮನಾಗಲಿಲ್ಲ. ಅದೇ ಅಕ್ಟೋಬರ್‌ನಲ್ಲಿ ಫ್ರಾನ್ಸ್‌ನಿಂದ 65 ಪೆಟ್ರೋಲ್ ಕಾರುಗಳನ್ನು ತರಿಸಿ, ಪ್ರತಿಯೊಂದಕ್ಕೂ ಮೀಟರ್ ಕೂರಿಸಿ ರಸ್ತೆಗಿಳಿಸಿದ. ನ್ಯೂಯಾರ್ಕ್‌ನ ಮೀಟರ್ ಟ್ಯಾಕ್ಸಿಗಳ ಹಿಂದಿರುವುದು ದುಬಾರಿ ಬಾಡಿಗೆ ತೆತ್ತ ಪ್ರಯಾಣಿಕನ ಆ ಸಿಟ್ಟು.

ಮೀಟರ್ ಅವನ ಕಲ್ಪನೆಯೇನಲ್ಲ. ರೋಮನ್ನರ ಕಾಲದಲ್ಲೇ ವಿಟ್ರೂವಿಯಸ್ ಎಂಬ ವಾಸ್ತುಶಿಲ್ಪಿ ಗಾಲಿ ಉರುಳಿದಂತೆಲ್ಲ ಮೈಲಿಗೊಂದು ಬೆಣಚುಕಲ್ಲನ್ನು ಪೆಟ್ಟಿಗೆಗೆ ಬೀಳಿಸುವ ಯಂತ್ರವನ್ನು ವರ್ಣಿಸಿದ್ದ. ಊರು ಮುಟ್ಟಿದ ಮೇಲೆ ಕಲ್ಲು ಎಣಿಸಿದರೆ ದೂರ ಗೊತ್ತಾಯಿತು. ಜರ್ಮನಿಯ ಫ್ರೀಡ್ರಿಕ್ ವಿಲ್‌ಹೆಲ್ಮ್ ಬ್ರೂನ್ 1891ರಲ್ಲಿ ಮಾಡಿದ ಬಾಡಿಗೆ ಮೀಟರು ಈ ವಿದ್ಯೆಗೆ ದುಡ್ಡಿನ ಲೆಕ್ಕವನ್ನು ಸೇರಿಸಿತು. ಸಿಟ್ಟಿಗೆದ್ದ ಗಾಡಿಯವರು ಅವನನ್ನು ಎತ್ತಿ ನದಿಗೆ ಎಸೆದರೆಂಬ ಕಥೆಯೊಂದಿದೆ. ನಿಜವೋ ಸುಳ್ಳೋ, ನಂಬುವುದು ಕಷ್ಟವೇನಲ್ಲ. 1897ರಲ್ಲಿ ಡೈಮ್ಲರ್ ಕಂಪನಿ ಸ್ಟುಟ್‌ಗಾರ್ಟ್‌ನ ಬಾಡಿಗೆ ವ್ಯಾಪಾರಿಯೊಬ್ಬನಿಗೆ ಮೀಟರ್ ಇದ್ದ ಮೋಟಾರು ಗಾಡಿ ಕೊಟ್ಟಿತು. 1907ರಲ್ಲಿ ಲಂಡನ್ ತನ್ನ ಟ್ಯಾಕ್ಸಿಗಳಿಗೆ ಮೀಟರ್ ಕಡ್ಡಾಯ ಮಾಡಿತು.

ಅಲೆನ್‌ನ ಕಥೆಗೆ ಬಾಲವೊಂದಿದೆ, ಅದನ್ನು ಹೇಳುವವರು ಕಡಿಮೆ. ಮರುವರ್ಷವೇ ಅವನ ಚಾಲಕರು ಮುಷ್ಕರ ಹೂಡಿದರು. ಪೆಟ್ರೋಲ್ ಖರ್ಚಿನಂಥವನ್ನೆಲ್ಲ ತಮ್ಮ ತಲೆಗೆ ಕಟ್ಟುತ್ತಾರೆ, ಕೈಗೆ ಉಳಿಯುವುದೇನು ಎಂಬುದು ಅವರ ತಕರಾರು. ಪ್ರಯಾಣಿಕನ ಜಗಳ ಬಗೆಹರಿಸಲು ಬಂದ ಮೀಟರು ಚಾಲಕನ ಜಗಳವನ್ನು ಹಾಗೇ ಬಿಟ್ಟಿತ್ತು. ನೂರು ವರ್ಷದ ಮೇಲೂ ಕಥೆ ಅಲ್ಲಿಂದ ಬಹಳ ಮುಂದೆ ಹೋಗಿಲ್ಲ.

ಇನ್ನು ಬೆಂಗಳೂರು. ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದು ಬ್ಯಾಗು ಹೊತ್ತು ನಿಂತವರಿಗೆ ಮೊದಲು ಕೇಳಿಸುವುದು ಆಟೊದವರ ‘ಎಲ್ಲಿಗೆ ಸಾರ್?’ ಎಂಬ ಪ್ರಶ್ನೆ. ಜಾಗದ ಹೆಸರು ಹೇಳಿದೊಡನೆ ಮುಖ ಒಂದಿಷ್ಟು ಹಿಂಡಿಕೊಳ್ಳುತ್ತದೆ. ‘ಆ ಕಡೆಯಿಂದ ಬಾಡಿಗೆ ಸಿಗಲ್ಲ ಸಾರ್, ಖಾಲಿ ಬರ್ಬೇಕು. ಮುನ್ನೂರು ಕೊಡಿ.’ ‘ಮೀಟರ್ ಹಾಕಿ’ ಎಂದರೆ ‘ಮೀಟರ್ ಮೇಲೆ ಐವತ್ತು’ ಎನ್ನುತ್ತಾರೆ. ಮಳೆ ಹನಿಯಿತೋ, ಅದು ‘ಒನ್ ಅಂಡ್ ಹಾಫ್’ ಆಗುತ್ತದೆ. ನಿಯಮದ ಪ್ರಕಾರ ಒಂದೂವರೆ ಪಟ್ಟು ದರ ಇರುವುದು ರಾತ್ರಿ 10ರಿಂದ ಬೆಳಗಿನ 5ರವರೆಗೆ ಮಾತ್ರ. ಸ್ಟ್ಯಾಂಡುಗಳ ಗಡಿಯಾರದಲ್ಲಿ ಈ ರಾತ್ರಿ ಎಂಟಕ್ಕೇ ಶುರುವಾಗುವುದುಂಟು.

ಹಾಗೆಂದು ಇದು ಈ ಊರಿನ ಆಟೊದವರ ಪೂರ್ತಿ ಚಿತ್ರವಲ್ಲ. 1980ರಲ್ಲಿ ತೆರೆಗೆ ಬಂದ ‘ಆಟೋ ರಾಜ’ದಿಂದ ಈಚೆಗೆ ಶಂಕರ್‌ನಾಗ್ ಚಿತ್ರ ಅಂಟಿಸಿಕೊಂಡು, ಬಸುರಿ ಹೆಂಗಸರನ್ನು ಆಸ್ಪತ್ರೆಗೆ ಪುಕ್ಕಟೆ ಕರೆದೊಯ್ಯುತ್ತೇವೆ ಎಂದು ಬರೆಸಿಕೊಂಡು ಓಡುವ ಗಾಡಿಗಳು ಈಗಲೂ ಇವೆ. ಕೇಳುವ ಮೊದಲೇ ಮೀಟರ್ ಒತ್ತುವವರೂ ಇದ್ದಾರೆ. ಅಂಥವರ ಆಟೊ ಸಿಕ್ಕರೆ ಪ್ರಯಾಣಿಕರು ಮನೆಗೆ ಬಂದು ಅದನ್ನೊಂದು ಸುದ್ದಿಯಂತೆ ಹೇಳಿಕೊಳ್ಳುತ್ತಾರೆ ಎಂಬುದೇ ಕೊಂಚ ಬೇಸರದ ವಿಷಯ.

ಮೀಟರ್ ಇದ್ದೂ ಮೋಸ ಆಗುವುದಿಲ್ಲವೇ? ಆಗುತ್ತದೆ. ಮೀಟರಿಗೆ ಗಾಡಿ ಎಷ್ಟು ದೂರ ಹೋಯಿತು ಎಂಬುದು ನೇರವಾಗಿ ತಿಳಿಯದು. ಗಾಲಿ ಎಷ್ಟು ಸುತ್ತು ತಿರುಗಿತು ಎಂಬುದರಿಂದ ಅದು ದೂರವನ್ನು ಲೆಕ್ಕ ಹಾಕುತ್ತದೆ. ಅಳತೆಗಿಂತ ಸಣ್ಣ ಟೈರು ಹಾಕಿದರೆ ಅದೇ ದಾರಿಗೆ ಗಾಲಿ ಹೆಚ್ಚು ಸುತ್ತು ತಿರುಗುತ್ತದೆ, ಮೀಟರು ಮುಂದಕ್ಕೆ ಓಡುತ್ತದೆ. ಹಳೆಯ ಯಾಂತ್ರಿಕ ಮೀಟರಿನಲ್ಲಿ ಹಲ್ಲುಚಕ್ರ ಬದಲಿಸಿದರೆ ಸಾಕಿತ್ತು. ಎಲೆಕ್ಟ್ರಾನಿಕ್ ಮೀಟರಿನಲ್ಲಿ ಗಾಲಿಯಿಂದ ಬರುವ ಮಿಡಿತಗಳ ಲೆಕ್ಕವನ್ನೇ ತಿದ್ದುತ್ತಾರೆ. ಇದಕ್ಕೆಂದೇ ಕಾನೂನು ಮಾಪನಶಾಸ್ತ್ರ ಇಲಾಖೆ ಮೀಟರನ್ನು ಪರೀಕ್ಷಿಸಿ ಸೀಲು ಹಾಕುತ್ತದೆ, ಕಿರಾಣಿ ಅಂಗಡಿಯ ತಕ್ಕಡಿಗೆ ಹಾಕಿದ ಹಾಗೆ. ಮುಂಬೈಯ ಟ್ಯಾಕ್ಸಿಗಳಲ್ಲಿ ಬಹುಕಾಲ ಇನ್ನೊಂದು ಬಗೆಯಿತ್ತು. ಹಳೆಯ ಮೀಟರ್ ತೋರಿಸುವ ಅಂಕಿಯೇ ಬೇರೆ, ಕೊಡಬೇಕಾದ ಹಣವೇ ಬೇರೆ. ನಡುವೆ ಇರುತ್ತಿದ್ದುದು ದರ ಹೊಂದಿಸಿ ಓದುವ ಕಾರ್ಡು. ಊರಿಗೆ ಹೊಸಬರಾದರೆ ಕೈಗೆ ಬರುವ ಕಾರ್ಡು ಅಸಲಿಯೇ ಆಗಿರಬೇಕೆಂದೇನೂ ಇರಲಿಲ್ಲ.

ಬೆಂಗಳೂರಿನಲ್ಲಿ ಮಾತ್ರ ಈ ಕೈಚಳಕದ ಅಗತ್ಯವೇ ಕಡಿಮೆಯಾಯಿತು. ಮೀಟರನ್ನು ತಿದ್ದುವುದಕ್ಕಿಂತ ಅದನ್ನು ಹಾಕದೇ ಇರುವುದು ಸುಲಭ.

ಕಾರಣ ಹುಡುಕುವವರು ದರಪಟ್ಟಿಯನ್ನೊಮ್ಮೆ ನೋಡಬೇಕು. 2013ರ ಕೊನೆಯಲ್ಲಿ ಕನಿಷ್ಠ ದರ 25 ರೂಪಾಯಿ, ಅಲ್ಲಿಂದ ಮುಂದೆ ಕಿಲೋಮೀಟರಿಗೆ 13 ಎಂದಾಯಿತು. ಮುಂದಿನ ಪರಿಷ್ಕರಣೆ ಬಂದದ್ದು 2021ರ ಡಿಸೆಂಬರಿನಲ್ಲಿ. ಎಂಟು ವರ್ಷ! ಆ ಅವಧಿಯಲ್ಲಿ ಗ್ಯಾಸಿನ ದರ, ಮನೆ ಬಾಡಿಗೆ, ಮಕ್ಕಳ ಶಾಲೆಯ ಫೀಸು ಯಾವುದೂ ಸರ್ಕಾರದ ಅಧಿಸೂಚನೆಗೆ ಕಾಯುತ್ತಾ ಕೂರಲಿಲ್ಲ. 2021ರಲ್ಲಿ ಮೊದಲ ಎರಡು ಕಿಲೋಮೀಟರಿಗೆ 30, ನಂತರ 15 ಆಯಿತು. 2025ರ ಆಗಸ್ಟ್ 1ರಿಂದ ಅದು 36 ಮತ್ತು 18. ಸರ್ಕಾರ ಏರಿಸದಿದ್ದ ವರ್ಷಗಳಲ್ಲಿ ಬೀದಿಯೇ ದರ ಏರಿಸಿಕೊಂಡಿತು. ಒಮ್ಮೆ ಬೀದಿಗೆ ಆ ರುಚಿ ಹತ್ತಿದ ಮೇಲೆ ಅಧಿಕೃತ ದರ ಏರಿದರೂ ಚೌಕಾಸಿ ಕೆಳಗಿಳಿಯಲಿಲ್ಲ.

ಅದಕ್ಕಿಂತ ದೊಡ್ಡ ಎಡವಟ್ಟು ಅದೇ ಪಟ್ಟಿಯ ಇನ್ನೊಂದು ಸಾಲಿನಲ್ಲಿದೆ. ಕಾಯುವಿಕೆಗೆ ಮೊದಲ ಐದು ನಿಮಿಷ ಉಚಿತ, ಆಮೇಲೆ ಪ್ರತಿ 15 ನಿಮಿಷಕ್ಕೆ 10 ರೂಪಾಯಿ. ಎಂದರೆ ಚಾಲಕನ ಒಂದು ಗಂಟೆಯ ಬೆಲೆ 40 ರೂಪಾಯಿ. 2022ರಲ್ಲಿ ಟಾಮ್‌ಟಾಮ್ ಸಂಸ್ಥೆ ಲೆಕ್ಕ ಹಾಕಿದಾಗ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರ್ ಸಾಗಲು ಸುಮಾರು 29 ನಿಮಿಷ ಬೇಕಾಗಿತ್ತು. ಅದು ಸರಾಸರಿ ಮಾತ್ರ. ಸಂಜೆ ಆರಕ್ಕೆ ಸಿಲ್ಕ್ ಬೋರ್ಡ್ ದಾಟಿದವರು ಆ ಅಂಕಿ ನೋಡಿ ನಕ್ಕಾರು. ಎಂಟು ಕಿಲೋಮೀಟರಿನ ಒಂದು ಸವಾರಿಗೆ ಇಂದಿನ ದರದಲ್ಲಿ 144 ರೂಪಾಯಿ. ಬೆಳಗಿನ ಆರಕ್ಕೆ ಇಪ್ಪತ್ತು ನಿಮಿಷದಲ್ಲಿ ಮುಗಿಯುವ ಆ ದಾರಿ ಸಂಜೆ ಒಂದು ಗಂಟೆ ತಿಂದರೂ ಮೀಟರಿನ ಮೊತ್ತ ಹೆಚ್ಚು ಹಿಗ್ಗುವುದಿಲ್ಲ. ಮೀಟರು ಅಳೆಯುವುದು ದೂರವನ್ನು, ಈ ಊರು ಸುಡುವುದು ಸಮಯವನ್ನು. ‘ಮೀಟರ್ ಮೇಲೆ ಐವತ್ತು’ ಎಂಬ ಬೇಡಿಕೆಯಲ್ಲಿ ದುರಾಸೆಯೆಷ್ಟು, ಟ್ರಾಫಿಕ್ಕಿನ ಬೆಲೆಯೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಎರಡೂ ಇವೆ. ಮನೆಗೆ ಮುಟ್ಟಲು ತಡವಾದ ಪ್ರಯಾಣಿಕನಿಗೆ ಈ ವಿಂಗಡಣೆಯಿಂದ ಆಗಬೇಕಾದ್ದೂ ಏನಿಲ್ಲ.

ಆ್ಯಪ್‌ಗಳು ಬಂದಾಗ ಜನ ನಿಟ್ಟುಸಿರು ಬಿಟ್ಟದ್ದು ಈ ಚೌಕಾಸಿಯಿಂದ ಪಾರಾದೆವೆಂದೇ. ಊಬರ್ 2013ರಲ್ಲಿ ಭಾರತದಲ್ಲಿ ಮೊದಲು ಕಾಲಿಟ್ಟದ್ದು ಬೆಂಗಳೂರಿಗೆ. ಹತ್ತುವ ಮೊದಲೇ ದರ ಕಾಣುತ್ತದೆ, ವಾದವಿಲ್ಲ, ಚಿಲ್ಲರೆಯ ರಗಳೆಯಿಲ್ಲ. ಆದರೆ ಮಳೆ ಬಂದರೆ, ಆಫೀಸು ಬಿಟ್ಟರೆ ದರ ತಾನಾಗಿ ಏರತೊಡಗಿತು. ಸ್ಟ್ಯಾಂಡಿನವರ ಒನ್ ಅಂಡ್ ಹಾಫ್ ಕಂಪ್ಯೂಟರಿನ ಹೊಟ್ಟೆ ಸೇರಿತ್ತು, ಅಷ್ಟೆ. ವಾದ ಮಾಡೋಣವೆಂದರೆ ಎದುರಿಗೆ ಯಾರೂ ಇರಲಿಲ್ಲ.

2022ರ ಅಕ್ಟೋಬರ್‌ನಲ್ಲಿ ಸಿಟ್ಟು ತಲೆಗೇರಿತು. ಸರ್ಕಾರದ ಕನಿಷ್ಠ ದರ 30 ರೂಪಾಯಿ ಇದ್ದಾಗ ಎರಡು ಕಿಲೋಮೀಟರಿನೊಳಗಿನ ಆಟೊ ಸವಾರಿಗೂ ಆ್ಯಪ್‌ಗಳು ನೂರು ರೂಪಾಯಿ ಕೀಳುತ್ತಿವೆ ಎಂಬ ದೂರುಗಳ ಮೇಲೆ, ಆಟೊ ಸೇವೆ ನಿಲ್ಲಿಸುವಂತೆ ರಾಜ್ಯದ ಸಾರಿಗೆ ಇಲಾಖೆ ಓಲಾ, ಊಬರ್, ರ‍್ಯಾಪಿಡೊಗಳಿಗೆ ನೋಟಿಸು ಕೊಟ್ಟಿತು. ವಿಷಯ ಹೈಕೋರ್ಟಿಗೆ ಹೋಯಿತು. ನವೆಂಬರಿನಲ್ಲಿ ಸರ್ಕಾರ, ನಿಗದಿತ ದರದ ಮೇಲೆ ಶೇ 5ರಷ್ಟು ಸೇವಾ ಶುಲ್ಕ ಮತ್ತು ಜಿಎಸ್‌ಟಿ ಮಾತ್ರ ಪಡೆಯಬಹುದು ಎಂದಿತು. ಅದೇ ತಿಂಗಳು ಆಟೊ ಚಾಲಕರ ಯೂನಿಯನ್ನಿನ ಬೆಂಬಲದೊಂದಿಗೆ, ಕಮಿಷನ್ ಇಲ್ಲವೆಂಬ ಭರವಸೆ ಹೊತ್ತು ‘ನಮ್ಮ ಯಾತ್ರಿ’ ಎಂಬ ಆ್ಯಪ್ ಬಂತು. ಮುಂದೆ ಅದು ಚಾಲಕರಿಂದ ದಿನಕ್ಕೆ 25 ರೂಪಾಯಿಯ ಚಂದಾ ಪಡೆಯುವ ಪದ್ಧತಿಗೆ ಹೊರಳಿತು. ಕ್ಯಾಬುಗಳ ಸರದಿ ಬಂದದ್ದು 2024ರ ಫೆಬ್ರುವರಿಯಲ್ಲಿ. ಗಾಡಿಯ ಬೆಲೆ 10 ಲಕ್ಷದೊಳಗಿದ್ದರೆ ಮೊದಲ ನಾಲ್ಕು ಕಿಲೋಮೀಟರಿಗೆ 100 ರೂಪಾಯಿ, ಮುಂದೆ ಕಿಲೋಮೀಟರಿಗೆ 24 ಎಂದು ರಾಜ್ಯ ಏಕರೂಪ ದರ ಕಟ್ಟಿತು. ಹೆಚ್ಚು ಬೆಲೆಯ ಗಾಡಿಗಳಿಗೆ ಮೇಲಿನ ಎರಡು ಮೆಟ್ಟಿಲು.

2025ರಲ್ಲಿ ಕಥೆ ತಲೆಕೆಳಗಾಯಿತು. ಕಮಿಷನ್ ಬಿಟ್ಟು ಚಂದಾ ಪದ್ಧತಿಗೆ ಬಂದ ಊಬರ್, ಆಟೊಗಳಿಗೆ ತಾನು ತೋರಿಸುವ ದರ ಬರೀ ಸಲಹೆ, ಕೊನೆಯ ಮೊತ್ತವನ್ನು ಚಾಲಕ–ಪ್ರಯಾಣಿಕರೇ ಮಾತಾಡಿಕೊಳ್ಳಲಿ ಎಂದಿತು. ಮೇ ತಿಂಗಳಲ್ಲಿ ಇನ್ನೊಂದು ಗಲಾಟೆ. ಬೇಗ ಗಾಡಿ ಬೇಕಿದ್ದರೆ ಹತ್ತುವ ಮೊದಲೇ ಟಿಪ್ಸ್ ಸೇರಿಸಿ ಎಂದು ಕೇಳುವ ವ್ಯವಸ್ಥೆಗೆ ಧಾರವಾಡದ ಸಂಸದರೂ ಕೇಂದ್ರದ ಗ್ರಾಹಕ ವ್ಯವಹಾರಗಳ ಸಚಿವರೂ ಆದ ಪ್ರಲ್ಹಾದ ಜೋಶಿ ಆಕ್ಷೇಪ ಎತ್ತಿದರು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಊಬರ್‌ಗೆ ನೋಟಿಸು ಕಳಿಸಿತು. ‘ಮೀಟರ್ ಮೇಲೆ ಇಪ್ಪತ್ತು’ ಎಂದು ಚಾಲಕ ಕೇಳುತ್ತಿದ್ದುದನ್ನು ಇಲ್ಲಿ ಪ್ರಯಾಣಿಕನೇ ಬೆರಳಿನಿಂದ ಒತ್ತಿ ಕೊಡಬೇಕಿತ್ತು. ಜುಲೈಯಲ್ಲಿ ಬಂದ ಕೇಂದ್ರದ ಹೊಸ ಮಾರ್ಗಸೂಚಿಯಂತೂ ಬೇಡಿಕೆ ಹೆಚ್ಚಿದಾಗ ಮೂಲ ದರದ ಎರಡು ಪಟ್ಟಿನವರೆಗೆ ಪಡೆಯಲು ಆ್ಯಪ್‌ಗಳಿಗೆ ಅವಕಾಶ ಕೊಟ್ಟಿದೆ. ಸ್ಟ್ಯಾಂಡಿನ ಚಾಲಕ ಅದನ್ನೇ ಬಾಯಲ್ಲಿ ಕೇಳಿದರೆ ಸುಲಿಗೆ ಅನ್ನಿಸಿಕೊಳ್ಳುತ್ತದೆ.

ಆಗಸ್ಟಿನ ಹೊಸ ದರದ ಜೊತೆಗೆ ಮೀಟರುಗಳನ್ನು 90 ದಿನದೊಳಗೆ ಮರುಪರೀಕ್ಷೆ ಮಾಡಿಸಿ ಸೀಲು ಹಾಕಿಸಬೇಕೆಂಬ ಆದೇಶವೂ ಬಂತು. ಹಾಕಿಸಿಕೊಂಡ ಮೇಲೆ ಆ ಮೀಟರನ್ನು ಒತ್ತಿಸುವವರು ಯಾರು? ಮೋಟಾರು ವಾಹನ ಕಾಯ್ದೆಯ 178ನೇ ಕಲಂ ಪ್ರಕಾರ ಕರೆದಲ್ಲಿಗೆ ಬರಲಾರೆ ಎಂದ ಬಾಡಿಗೆ ಗಾಡಿಯವರಿಗೆ ದಂಡವಿದೆ. 2019ರ ತಿದ್ದುಪಡಿಯಲ್ಲಿ ದೊಡ್ಡ ಗಾಡಿಗಳ ದಂಡವನ್ನು 200ರಿಂದ 500 ರೂಪಾಯಿಗೆ ಏರಿಸಿದರು. ಮೂರು ಚಕ್ರದ ಗಾಡಿಗಳ ಸಾಲನ್ನು ಮುಟ್ಟಲಿಲ್ಲ. ಅಲ್ಲಿ 1988ರ ಕಾಯ್ದೆಯಲ್ಲಿದ್ದ ಗರಿಷ್ಠ ಮೊತ್ತವೇ ಉಳಿದಿದೆ: 50 ರೂಪಾಯಿ.