ಕೆಟ್ಟು ಕೂತ ಪಂಪು ಪೆಟ್ಟಿಗೆ: ಅದರೊಳಗಿನ ಬೂಟ್‌ಲೋಡರಿನ ಭಾಷೆ ತಿಳಿಯುವ ಬಗೆ



ಮೊಬೈಲಿನಿಂದಲೇ ಪಂಪು ಹಾಕುವ, ಆರಿಸುವ ಪೆಟ್ಟಿಗೆಗಳು ನಮ್ಮ ಸದಸ್ಯರಲ್ಲಿ ಹಲವರ ಪಂಪುಮನೆಗಳಿಗೆ ಬಂದಿವೆ. ನಮ್ಮ ತೋಟದಲ್ಲೂ ಅಂಥದೊಂದಿತ್ತು. ರೊಬಸ್ಟಾಕ್ಕೆ ಹೂವಿನ ನೀರು ಕೊಟ್ಟು ಮುಗಿಸಿ, ಬ್ಯಾಕಿಂಗ್ ನೀರಿಗೆ ದಿನ ಎಣಿಸುತ್ತಿದ್ದ ಹೊತ್ತಿಗೆ ಸರಿಯಾಗಿ ಅದು ಕೈಕೊಟ್ಟಿತು. ದೀಪ ಮಿಣುಕುತ್ತದೆ, ಪಂಪು ಏಳುವುದಿಲ್ಲ. ವಿಚಾರಿಸಲಾಗಿ, ಮಾರಿದ ಸಂಸ್ಥೆಯೇ ಬಾಗಿಲು ಹಾಕಿದ್ದು ತಿಳಿಯಿತು. ಪೆಟ್ಟಿಗೆ ಪ್ರತಿ ಸಲವೂ ದೂರದಲ್ಲೆಲ್ಲೋ ಇದ್ದ ಆ ಸಂಸ್ಥೆಯ ಗಣಕವನ್ನು ಕೇಳಿಕೊಂಡೇ ಪಂಪು ಹಾಕುತ್ತಿತ್ತಂತೆ. ಕೇಳಲು ಈಗ ಯಾರೂ ಇಲ್ಲ. ರಿಲೇ ಸರಿಯಿದೆ, ತಂತಿ ಸರಿಯಿದೆ, ಯಜಮಾನ ಮಾತ್ರ ಇಲ್ಲ. ಆ ವರ್ಷ ರಾತ್ರಿ ತ್ರೀ ಫೇಸ್ ಬಂದಾಗಲೆಲ್ಲ ಟಾರ್ಚ್ ಹಿಡಿದು ಹೊಳೆಬದಿಗೆ ಇಳಿದೆವು.

ಇಂಥ ಪೆಟ್ಟಿಗೆಯನ್ನು ಗುಜರಿಗೆ ಹಾಕುವ ಮೊದಲು ಸದಸ್ಯರು ತಿಳಿದಿರಬೇಕಾದ ಸಂಗತಿಯೊಂದಿದೆ. ಮುಚ್ಚಳ ಬಿಚ್ಚಿ ನೋಡಿದರೆ ನಮ್ಮದರಲ್ಲಿದ್ದುದು ಇಎಸ್‌ಪಿ 8266 ಎಂಬ ಚಿಪ್ಪು. ಶಾಂಘೈನ ಎಸ್ಪ್ರೆಸಿಫ್ ಎಂಬ ಕಂಪನಿಯದು. ಅಗ್ಗದ ವೈಫೈ ಸ್ವಿಚ್ಚುಗಳಲ್ಲಿ ಇದು ಹೇರಳವಾಗಿ ಬಳಕೆಯಾಗಿದೆ. ಸಂಸ್ಥೆ ಬರೆದ ಪ್ರೋಗ್ರಾಂ ಇರುವುದು ಪಕ್ಕದ ಫ್ಲಾಶ್ ಎಂಬ ನೆನಪಿನ ಚಿಪ್ಪಿನಲ್ಲಿ. ಅದನ್ನು ಅಳಿಸಬಹುದು, ಬೇರೆ ಬರೆಯಬಹುದು. ಆದರೆ ಮುಖ್ಯ ಚಿಪ್ಪಿನೊಳಗೆ ಕಾರ್ಖಾನೆಯಲ್ಲೇ ಅಚ್ಚು ಹಾಕಿದ, ಯಾರಿಂದಲೂ ಅಳಿಸಲಾಗದ ಇನ್ನೊಂದು ಪುಟ್ಟ ಪ್ರೋಗ್ರಾಂ ಇದೆ. ಅದೇ ಬೂಟ್‌ಲೋಡರ್. ವಿದ್ಯುತ್ ಬಂದೊಡನೆ ಮೊದಲು ಏಳುವುದು ಅದು. ಎದ್ದು ಕೆಲವು ಕಾಲುಗಳನ್ನು ನೋಡುತ್ತದೆ. ಅವುಗಳಲ್ಲಿ ಜಿಪಿಐಒ ಸೊನ್ನೆ ಎಂಬುದು ಮುಖ್ಯ. ಆ ಕಾಲು ಬಿಡುವಾಗಿದ್ದರೆ ಫ್ಲಾಶಿನ ಪ್ರೋಗ್ರಾಮನ್ನು ಓಡಿಸುತ್ತದೆ. ಅದನ್ನು ಗ್ರೌಂಡಿಗೆ ತಾಗಿಸಿದ್ದರೆ, ಹೊಸ ಪ್ರೋಗ್ರಾಂ ತರುವವರಿಗಾಗಿ ಸೀರಿಯಲ್ ತಂತಿಯ ಮೇಲೆ ಕಿವಿಯಿಟ್ಟು ಕೂರುತ್ತದೆ. ಸಂಸ್ಥೆ ಮುಳುಗಿದರೂ ಈ ಬಾಗಿಲು ಕಾಯುವವನು ಸಾಯುವುದಿಲ್ಲ. ಅವನ ಭಾಷೆ ಬಂದರಾಯಿತು.

2014ರಲ್ಲಿ ಈ ಚಿಪ್ಪು ಚೀನಾದ ಹೊರಗೆ ಹರಡಿದಾಗ ಆ ಭಾಷೆ ಹೊರಗಿನವರಿಗೆ ಬರುತ್ತಿರಲಿಲ್ಲ. ಅದೇ ವರ್ಷ ಫ್ರೆಡ್ರಿಕ್ ಆಲ್‌ಬರ್ಗ್ ಎಂಬವರು, ಕಂಪನಿಯ ನೌಕರರಲ್ಲದವರು, ಇಎಸ್‌ಪಿಟೂಲ್ ಎಂಬ ಉಪಕರಣವನ್ನು ಬರೆದು ಎಲ್ಲರಿಗೂ ಬಿಟ್ಟುಕೊಟ್ಟರು. ಮುಂದೆ ಆಂಗಸ್ ಗ್ರಾಟನ್ ಅದನ್ನು ನೋಡಿಕೊಂಡರು. ಕೊನೆಗೆ ಕಂಪನಿಯೇ ಅದನ್ನು ತನ್ನದೆಂದು ಒಪ್ಪಿ, ಭಾಷೆಯ ವಿವರಗಳನ್ನೂ ಪ್ರಕಟಿಸಿತು. ಆದುದರಿಂದ ಕೆಳಗೆ ಹೇಳುವುದು ಗುಟ್ಟೇನಲ್ಲ. ಆದರೂ ಪುಸ್ತಕವಿಲ್ಲದ ಭಾಷೆಯನ್ನು ಹೇಗೆ ಬಿಡಿಸುತ್ತಾರೆಂಬುದು ತಿಳಿದಿರಲಿ, ಪುಸ್ತಕ ಸಿಗದ ಪೆಟ್ಟಿಗೆಗಳು ಇನ್ನೂ ಬೇಕಾದಷ್ಟಿವೆ.

ಮೊದಲ ಕೆಲಸ ಕೇಳುವುದು. ಚಿಪ್ಪು ಏಳುವಾಗ ಒಂದು ಸಾಲು ಗೊಣಗುತ್ತದೆ. ಸೆಕೆಂಡಿಗೆ 115200 ಬಿಟ್ಟಿನ ಸಾಮಾನ್ಯ ವೇಗದಲ್ಲಿ ಕೇಳಿದರೆ ಅರ್ಥವಿಲ್ಲದ ಕಸ ಬರುತ್ತದೆ. 74880ರಲ್ಲಿ ಕೇಳಿದರೆ ಸ್ಪಷ್ಟ ಅಕ್ಷರ. ಇದೆಂಥ ವಿಚಿತ್ರ ವೇಗ? ಬೂಟ್‌ಲೋಡರ್ ಬರೆದವರು ಗಡಿಯಾರದ ಹರಳು 40 ಮೆಗಾಹರ್ಟ್ಸ್ ಇರುತ್ತದೆಂದು ಲೆಕ್ಕ ಹಾಕಿದ್ದರು. ಮಾರುಕಟ್ಟೆಗೆ ಬಂದ ಹಲಗೆಗಳಲ್ಲಿ ಕೂರಿಸಿದ್ದು 26ರ ಹರಳು. 115200ನ್ನು 26ರಿಂದ ಗುಣಿಸಿ 40ರಿಂದ ಭಾಗಿಸಿ ನೋಡಿ, 74880 ಬರುತ್ತದೆ. ನಿಧಾನ ಓಡುವ ಗಡಿಯಾರ ಕಟ್ಟಿಕೊಂಡವನು ತಾನು ಸಮಯಕ್ಕೆ ಸರಿಯಾಗಿಯೇ ಬಂದೆನೆಂದು ವಾದಿಸಿದ ಹಾಗೆ! ಆ ಸಾಲಿನಲ್ಲಿ 2013ರ ಜನವರಿ 8 ಎಂಬ ತಾರೀಕೂ, ಬೂಟ್ ಮೋಡ್ ಎಂಬ ಅಂಕಿಯೂ ಇರುತ್ತವೆ. ಆ ಅಂಕಿ 3 ಇದ್ದರೆ ಮಾಮೂಲು ಓಟ, 1 ಇದ್ದರೆ ಬಾಗಿಲು ತೆರೆದಿದೆ ಎಂದರ್ಥ.

ಎರಡನೆಯದು, ಭಾಷೆ ಬಲ್ಲ ಉಪಕರಣವೊಂದು ಚಿಪ್ಪಿನೊಡನೆ ಮಾತಾಡುವಾಗ ತಂತಿಯಲ್ಲಿ ಹೋಗಿಬರುವ ಅಂಕಿಗಳನ್ನೆಲ್ಲ ಬರೆದುಕೊಂಡು, ಮರುಕಳಿಸುವುದನ್ನು ಹುಡುಕುವುದು. ಇಲ್ಲಿ ಪ್ರತಿ ಮಾತಿನ ಎರಡು ತುದಿಗೂ 192 ಎಂಬ ಅಂಕಿ ಕಾಣುತ್ತದೆ. ಅದು ಮೂಟೆಯ ಎರಡು ಬಾಯಿಗೆ ಹಾಕಿದ ಹೊಲಿಗೆ. ಸರಕಿನೊಳಗೇ 192 ಬಂದರೆ ಅದರ ಬದಲಿಗೆ 219, 220 ಎಂದು ಎರಡು ಅಂಕಿ ಕಳಿಸುತ್ತಾರೆ. ಇದು ಹೊಸದಲ್ಲ, 1988ರಲ್ಲೇ ಬರೆದಿಟ್ಟ ಸ್ಲಿಪ್ ಎಂಬ ಪದ್ಧತಿ. ಹೊಲಿಗೆಯ ಒಳಗೆ ಮೊದಲ ಎಂಟು ಬೈಟುಗಳು ನಾವು ಅಡಿಕೆ ಮೂಟೆಗೆ ಕಟ್ಟುವ ಚೀಟಿ ಇದ್ದಂತೆ: ಹೋಗುವ ಮಾತಿಗೆ 0, ಬರುವ ಉತ್ತರಕ್ಕೆ 1; ಆಮೇಲೆ ಆಜ್ಞೆಯ ಸಂಖ್ಯೆ; ಎರಡು ಬೈಟಿನಲ್ಲಿ ಸರಕಿನ ಉದ್ದ; ಉಳಿದ ನಾಲ್ಕರಲ್ಲಿ ತಾಳೆ ನೋಡುವ ಅಂಕಿ.

ಎಲ್ಲಕ್ಕೂ ಮೊದಲು ಹೋಗುವ ಆಜ್ಞೆ 8. ಅದರ ಸರಕು 7, 7, 18, 32, ಆಮೇಲೆ ಮೂವತ್ತೆರಡು ಸಲ 85. ಬಿಟ್ಟುಗಳಲ್ಲಿ ಬರೆದರೆ 85 ಎಂದರೆ 01010101. ಭಜನೆಗೆ ಮೊದಲು ತಾಳ ಹಾಕಿದ ಹಾಗೆ. ಅದನ್ನು ಕೇಳಿ ಚಿಪ್ಪು ನಮ್ಮ ವೇಗ ಎಷ್ಟೆಂದು ತಾನೇ ಅಳೆದುಕೊಳ್ಳುತ್ತದೆ.

ತಾಳೆಯ ಅಂಕಿಯನ್ನು ಬಿಡಿಸುವುದೇ ಕಷ್ಟದ್ದು, ನಮಗೆ ತುಂಬ ಹಿಡಿಸಿದ ಭಾಗವೂ ಅದೇ. ಸರಕೆಲ್ಲ ಸೊನ್ನೆ ಇಟ್ಟರೆ ತಾಳೆ 239. ಒಂದು ಬೈಟನ್ನು 1 ಮಾಡಿದರೆ ಕೂಡುವ ಲೆಕ್ಕದಲ್ಲಿ 240 ಆಗಬೇಕಿತ್ತು, ಆಗುವುದು 238. ಅದನ್ನೇ 16 ಮಾಡಿದರೆ 255ಕ್ಕೆ ಏರುತ್ತದೆ. ಎರಡು ಬೈಟುಗಳನ್ನು 1 ಮಾಡಿದರೆ ಮತ್ತೆ 239. ಅಂದರೆ ಇಲ್ಲಿ ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ. ಸರಕಿನ ಪ್ರತಿಯೊಂದು 1ರ ಬಿಟ್ಟೂ ತಾಳೆಯಲ್ಲಿ ತನ್ನ ಸ್ಥಾನದ ಬಿಟ್ಟನ್ನು ಮಗುಚಿ ಹಾಕುತ್ತದೆ. ದೀಪದ ಗುಂಡಿಯನ್ನು ಒಮ್ಮೆ ಒತ್ತಿದರೆ ಹತ್ತಿ, ಇನ್ನೊಮ್ಮೆ ಒತ್ತಿದರೆ ಆರಿದಂತೆ. 239 ಎಂಬುದು ಮೊದಲೇ ಇಟ್ಟ ಬೀಜ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಫಲ ನೋಡುವುದು, ಗೊಬ್ಬರದ ಪ್ರಯೋಗಕ್ಕೆ ಒಂದು ಸಾಲು ಗಿಡ ಬೇರೆ ಬಿಟ್ಟ ಬೆಳೆಗಾರನಿಗೆ ಹೊಸದೇನಲ್ಲ.

ಉಳಿದುದು ಸುಲಭ. ಫ್ಲಾಶಿಗೆ ಬರೆಯಲು ಆರಂಭಿಸು ಎನ್ನಲು 2, ಸರಕಿಗೆ 3, ಮುಗಿಯಿತು ಎನ್ನಲು 4. ಫ್ಲಾಶಿನಲ್ಲಿ ಈಗಾಗಲೇ ಇರುವುದನ್ನು ಓದಿ ಕೊಡುವ ಆಜ್ಞೆ ಮಾತ್ರ ಈ ಚಿಪ್ಪಿನ ಬೂಟ್‌ಲೋಡರಿನಲ್ಲಿಲ್ಲ. ಅದಕ್ಕೆ ಉಪಾಯವೆಂದರೆ 5, 7, 6ನೆಯ ಆಜ್ಞೆಗಳಿಂದ ತಾತ್ಕಾಲಿಕ ನೆನಪಿಗೆ ಚಿಕ್ಕದೊಂದು ಪ್ರೋಗ್ರಾಂ ಕಳಿಸಿ, ಅದರಿಂದ ಓದಿಸಿಕೊಳ್ಳುವುದು. ಹಳೆಯದರ ಪ್ರತಿ ತೆಗೆದಿಡದೆ ಯಾರೂ ಹೊಸದು ಬರೆಯಬಾರದು.

ಇನ್ನು ಪ್ರಾಣದ ಮಾತು. ಅಗ್ಗದ ಪೆಟ್ಟಿಗೆಗಳಲ್ಲಿ ಎಷ್ಟೋ ಕಡೆ ಕಡಿಮೆ ವೋಲ್ಟಿನ ಭಾಗಕ್ಕೂ 230 ವೋಲ್ಟಿನ ತಂತಿಗೂ ನಡುವೆ ಪ್ರತ್ಯೇಕತೆ ಇರುವುದಿಲ್ಲ. ಗ್ರೌಂಡ್ ಎಂದು ಮುಟ್ಟಿದ್ದೇ ಫೇಸ್ ಆಗಿರಬಹುದು. ಪೆಟ್ಟಿಗೆಯನ್ನು ಪಂಪುಮನೆಯಿಂದ ಪೂರ್ತಿ ಬಿಚ್ಚಿ ತಂದು, ಮೇಜಿನ ಮೇಲಿಟ್ಟು, 3.3 ವೋಲ್ಟ್ ಕೊಟ್ಟೇ ಈ ಕೆಲಸ ಮಾಡತಕ್ಕದ್ದು. 5 ವೋಲ್ಟ್ ಕೊಟ್ಟರೆ ಚಿಪ್ಪು ಸುಡುವ ಸಂಭವವುಂಟು. ಮುಖ್ಯ ವಿದ್ಯುತ್ ತಂತಿ ಸಿಕ್ಕಿಸಿಕೊಂಡು ಸೀರಿಯಲ್ ತಂತಿ ಮುಟ್ಟುವುದನ್ನು ಯಾವ ಕಾರಣಕ್ಕೂ ಮಾಡಕೂಡದು.

ಕಾನೂನಿನ ಶಂಕೆ ಕೆಲವರಿಗಿದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮಿಗೆ 1999ರಲ್ಲಿ ಮಾಡಿದ ತಿದ್ದುಪಡಿಯಂತೆ, ನ್ಯಾಯವಾಗಿ ಪಡೆದ ಪ್ರೋಗ್ರಾಂ ಬೇರೊಂದರೊಡನೆ ಹೊಂದಿ ನಡೆಯಲು ಅಗತ್ಯವಾದ, ಬೇರೆಡೆ ಸುಲಭವಾಗಿ ಸಿಗದ ಮಾಹಿತಿಯನ್ನು ಹುಡುಕಿಕೊಳ್ಳುವುದು ಅಪರಾಧವಲ್ಲ. ಅದರ ಪ್ರತಿ ಮಾಡಿ ಮಾರುವುದು ಬೇರೆ ಮಾತು.

ಎಲ್ಲ ಪೆಟ್ಟಿಗೆಗೂ ಈ ಉಪಾಯ ನಡೆಯದು. ಅದೇ ಕಂಪನಿಯ ಇಎಸ್‌ಪಿ 32ರಲ್ಲಿ ತಯಾರಕರು ಬೇಕೆಂದರೆ ಬಾಗಿಲಿಗೆ ಶಾಶ್ವತ ಬೀಗ ಜಡಿಯಬಹುದು. ಆದ್ದರಿಂದ ಕೊಳ್ಳುವ ಮುನ್ನವೇ ಅಂಗಡಿಯವರಲ್ಲಿ ಎರಡು ಪ್ರಶ್ನೆ ಕೇಳಿ: ಒಳಗಿನ ಚಿಪ್ಪು ಯಾವುದು? ಇಂಟರ್‌ನೆಟ್ ಇಲ್ಲದೆ ಪಂಪು ಏಳುತ್ತದೆಯೇ?

ನಮ್ಮ ಪೆಟ್ಟಿಗೆಗೆ ಟಾಸ್ಮೋಟ ಎಂಬ ಉಚಿತ ಪ್ರೋಗ್ರಾಂ ಹಾಕಿದೆವು. ಈಗ ಪಂಪುಮನೆಯ ವೈಫೈಗೆ ಸಿಗುವಷ್ಟು ದೂರದಿಂದ ಮೊಬೈಲಿನಲ್ಲಿ ಹಾಕಿದರೆ, ಗೊತ್ತುಮಾಡಿದ ಹೊತ್ತಿಗೆ ತಾನೇ ಆರುತ್ತದೆ. ಇಂಟರ್‌ನೆಟ್ ಇಲ್ಲದ ಕಡೆ ಕರೆಂಟು ಹೋಗಿ ಬಂದರೆ ಅದು ಗಂಟೆ ಮರೆಯುತ್ತದೆ. ಆದ ಕಾರಣ ಬೆಳಗಿನ ಇಂಥ ಗಂಟೆಗೆ ಹಾಕು ಎಂದು ಅದಕ್ಕೆ ಒಪ್ಪಿಸಿಲ್ಲ. ಕರೆಂಟು ಮರಳಿದಾಗ ಪಂಪು ಆರಿಯೇ ಇರುವಂತೆ ಗೊತ್ತುಮಾಡಿದ್ದೇವೆ, ಹೊಳೆಯಲ್ಲಿ ನೀರಿದೆಯೋ ಇಲ್ಲವೋ ಪೆಟ್ಟಿಗೆಗೆ ತಿಳಿಯದು.