ರಕ್ತದ ಹರಿವು ಮತ್ತು ರಕ್ತನಾಳದ ಆರೋಗ್ಯ

ಹೃದಯದಿಂದ ಅಂಗಾಂಗಗಳಿಗೆ ರಕ್ತ ಒಯ್ಯುವ ನಾಳಗಳೇ ಅಪಧಮನಿಗಳು. ಇವುಗಳಲ್ಲಿ ರಕ್ತದ ಹರಿವನ್ನು ನಮ್ಮ ಹೊಸಪೇಟೆಯ ರಾಯ ಕಾಲುವೆ, ಬಸವಣ್ಣ ಕಾಲುವೆಗಳ ನೀರಿಗೆ ಹೋಲಿಸಬಹುದು. ನೀರು ನೇರವಾಗಿ ಓಡುವಲ್ಲಿ ಹೂಳು ಕಡಿಮೆ. ಸುಳಿದು ನಿಧಾನವಾಗುವಲ್ಲಿ ಹೂಳು ಹೆಚ್ಚು. ಹಾಗೆಯೇ ಅಪಧಮನಿಗಳಲ್ಲಿ ಕೊಬ್ಬು ಹೆಚ್ಚಾಗಿ ಕಟ್ಟುವುದು ಕವಲು ಮತ್ತು ತಿರುವುಗಳಲ್ಲಿ.

ಆದರೆ ರಕ್ತನಾಳ ಬರೀ ಕೊಳವೆಯಲ್ಲ. ಅದರ ಒಳಮೈಯಲ್ಲಿ ಜೀವಕೋಶಗಳ ತೆಳುವಾದ ಪದರವಿದೆ. ರಕ್ತ ಒಂದೇ ದಿಕ್ಕಿಗೆ ಚೆನ್ನಾಗಿ ಹರಿದಾಗ ಈ ಪದರದಿಂದ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಉತ್ಪತ್ತಿಯಾಗಿ, ನಾಳ ಸಡಿಲಗೊಂಡು ಹಿಗ್ಗುತ್ತದೆ. ಈ ಅನಿಲದ ಕೆಲಸವನ್ನು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 1998ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಹರಿವು ನಿಧಾನವಾದರೆ ಅಥವಾ ಹಿಂದೆ ಮುಂದೆ ಹೊಯ್ದಾಡಿದರೆ ನಾಳದ ಹಿಗ್ಗುವ ಶಕ್ತಿ ಕುಗ್ಗುತ್ತದೆ.

ಇದು ಆರೋಗ್ಯವಂತರಿಗೂ ಅನ್ವಯಿಸುತ್ತದೆ. 3 ಗಂಟೆ ಕುಳಿತೇ ಇದ್ದ ಆರೋಗ್ಯವಂತ ಯುವಕರ ಕಾಲಿನ ಅಪಧಮನಿಗಳಲ್ಲಿ ಈ ಶಕ್ತಿ ಕುಗ್ಗಿದ್ದು ಅಧ್ಯಯನದಲ್ಲಿ ಕಂಡುಬಂದಿದೆ. ಗಂಟೆಗೊಮ್ಮೆ 5 ನಿಮಿಷ ನಡೆದಾಗ ಅದು ಕುಗ್ಗಲಿಲ್ಲ.

ಕಂಪ್ಲಿ, ಸಂಡೂರು, ಹಂಪಿ ಕಡೆಯಿಂದ ಬಸ್ಸಿನಲ್ಲಿ ಬಂದು ರೋಗಿಯ ಪಕ್ಕದಲ್ಲಿ ದಿನವಿಡೀ ಕೂರುವ ಬಂಧುಗಳು ಗಮನಿಸಬೇಕಾದದ್ದು:

1. ಗಂಟೆಗೊಮ್ಮೆ ಎದ್ದು ವರಾಂಡದಲ್ಲಿ 5 ನಿಮಿಷ ನಡೆಯಿರಿ.
2. ಏಳಲು ಆಗದಿದ್ದರೆ ಕುಳಿತಲ್ಲೇ ಪಾದ, ಹಿಮ್ಮಡಿಗಳನ್ನು ಆಗಾಗ ಆಡಿಸಿ.
3. ಬೀಡಿ, ಸಿಗರೇಟು ಬಿಡಿ. ಹೊಗೆ ನಾಳದ ಒಳಪದರವನ್ನೇ ಕೆಡಿಸುತ್ತದೆ.
4. ರೋಗಿಗಳು ವೈದ್ಯರನ್ನು ಕೇಳಿಯೇ ಹಾಸಿಗೆಯಿಂದ ಎದ್ದು ನಡೆಯಬೇಕು.
5. ಒಂದೇ ಕಾಲು ಊದಿಕೊಂಡು ನೋಯುತ್ತಿದ್ದರೆ ತಿಕ್ಕಬೇಡಿ, ಎಣ್ಣೆ ಹಚ್ಚಿ ನೀವಬೇಡಿ. ಕೂಡಲೇ ವಾರ್ಡಿನ ಸಿಸ್ಟರ್‌ಗೆ ತಿಳಿಸಿ.