ಕಟ್ಟಡಗಳ ನಡುವೆ ಗಾಜು, ಮೇಜಿನವರೆಗೆ ತಾಮ್ರ

ಕಾಲೇಜು, ಆಸ್ಪತ್ರೆ, ಕಾರ್ಖಾನೆ ಯಾವುದೇ ಇರಲಿ, ಆವರಣಕ್ಕೆ ಕಂಪ್ಯೂಟರ್ ಜಾಲ ಹಾಕಿಸುವಾಗ ಚರ್ಚೆಯೆಲ್ಲ ಇಂಟರ್‌ನೆಟ್ ಎಷ್ಟು ಎಂಬಿಪಿಎಸ್ ಎಂಬುದರ ಸುತ್ತಲೇ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಯಾವ ಕೇಬಲ್ ಎಳೆಯಬೇಕು ಎಂಬುದನ್ನು ಗುತ್ತಿಗೆದಾರರಿಗೆ ಬಿಟ್ಟುಬಿಡುತ್ತೇವೆ. ಜಾಲ ಎಷ್ಟು ವರ್ಷ ಬಾಳಿಕೆ ಬರುತ್ತದೆ ಎಂಬುದು ನಿಂತಿರುವುದು ಆ ಕೇಬಲ್ ಮೇಲೆಯೇ. ತಾಮ್ರದ ಈಥರ್‌ನೆಟ್ ಕೇಬಲ್‌ಗೆ 100 ಮೀಟರ್ ಗಡಿ. 10 ಗಿಗಾಬಿಟ್ ವೇಗ ಬೇಕೆಂದರೆ ಸಾಮಾನ್ಯ ಕ್ಯಾಟ್-6 ಕೇಬಲ್ ಸುಮಾರು 55 ಮೀಟರ್‌ಗೇ ಕೈಚೆಲ್ಲುತ್ತದೆ. ಸಿಂಗಲ್ ಮೋಡ್ ಆಪ್ಟಿಕಲ್ ಫೈಬರ್ ಅದೇ ವೇಗವನ್ನು 10 ಕಿಲೋಮೀಟರ್‌ವರೆಗೆ ಒಯ್ಯುತ್ತದೆ.

ಕಟ್ಟಡಗಳ ನಡುವೆ ಫೈಬರ್ ಹಾಕಲು ದೂರಕ್ಕಿಂತ ದೊಡ್ಡ ಕಾರಣ ಸಿಡಿಲು. ಎರಡು ಕಟ್ಟಡಗಳಿಗೆ ಬೇರೆ ಬೇರೆ ಅರ್ಥಿಂಗ್ ಇದ್ದು, ನಡುವೆ ತಾಮ್ರದ ಕೇಬಲ್ ಇದ್ದರೆ, ಹತ್ತಿರದಲ್ಲೆಲ್ಲೋ ಸಿಡಿಲು ಬಡಿದಾಗ ಎರಡೂ ಕಡೆಯ ವೋಲ್ಟೇಜ್ ಏರುಪೇರಾಗಿ ಕೇಬಲ್‌ನಲ್ಲೇ ವಿದ್ಯುತ್ ನುಗ್ಗುತ್ತದೆ. ನೆಟ್‌ವರ್ಕ್ ಸ್ವಿಚ್‌ನ ಪೋರ್ಟ್‌ಗಳು ಸುಟ್ಟುಹೋಗುತ್ತವೆ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆ ಕಂಡ ಕರ್ನಾಟಕಕ್ಕೆ ಇದು ದೂರದ ಮಾತಲ್ಲ. ಫೈಬರ್‌ನ ಗಾಜಿನಲ್ಲಿ ವಿದ್ಯುತ್ ಹರಿಯುವುದಿಲ್ಲ. ಆದರೆ ಇಲಿಕಾಟ ತಡೆಯಲೆಂದು ಉಕ್ಕಿನ ಹೊದಿಕೆಯ ಫೈಬರ್ ಕೇಬಲ್ ಹಾಕಿದರೆ ಆ ಉಕ್ಕಿಗೂ ಅರ್ಥಿಂಗ್ ಕೊಡಲೇಬೇಕು.

ಫೈಬರ್ ದುಬಾರಿ, ನಾಜೂಕು ಎಂಬ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಕೇಬಲ್ ತುಂಡಾದರೆ ಕ್ರಿಂಪಿಂಗ್ ಟೂಲ್ ಹಿಡಿದು ಸರಿಪಡಿಸಲಾಗದು. ಮೇಲಿನ ಪದರ ಸುಲಿದು, 125 ಮೈಕ್ರಾನ್ ದಪ್ಪದ ಗಾಜಿನ ಎಳೆಯನ್ನು ಆಲ್ಕೋಹಾಲಿನಿಂದ ಒರೆಸಿ, ತುದಿಯನ್ನು ನೇರವಾಗಿ ಕತ್ತರಿಸಿ, ಸ್ಪ್ಲೈಸಿಂಗ್ ಮಷಿನ್‌ನಲ್ಲಿ ವಿದ್ಯುತ್ ಕಿಡಿಯಿಂದ ಬೆಸೆಯಬೇಕು. ಇತಿಹಾಸವೂ ಆಕ್ಷೇಪಿಸುವವರ ಪರವೇ ಇದ್ದಂತಿದೆ: 100 ಮೆಗಾಬಿಟ್‌ನ ಎಫ್‌ಡಿಡಿಐ ಫೈಬರ್ ಜಾಲವನ್ನು 1990ರ ದಶಕದಲ್ಲಿ ಅಗ್ಗದ ಫಾಸ್ಟ್ ಈಥರ್‌ನೆಟ್ ಮೂಲೆಗೆ ತಳ್ಳಿತು. ಆದರೆ ಸೋತದ್ದು ದುಬಾರಿ ಉಪಕರಣಗಳೇ ಹೊರತು ಗಾಜಿನ ಎಳೆಯಲ್ಲ. ಈಥರ್‌ನೆಟ್ ಕೂಡ ಕಟ್ಟಡಗಳ ನಡುವಿನ ಹಾದಿಗೆ ಫೈಬರನ್ನೇ ಆರಿಸಿಕೊಂಡಿತು.

ಹಾಗಾದರೆ ಪ್ರತಿ ಮೇಜಿಗೂ ಫೈಬರ್ ಬೇಕೆ? ಬೇಡ. ಲ್ಯಾಪ್‌ಟಾಪ್‌ಗಳಲ್ಲಿ ಅದಕ್ಕೆ ಕಿಂಡಿಯೇ ಇರುವುದಿಲ್ಲ. ಸಿಸಿ ಕ್ಯಾಮೆರಾ, ಐಪಿ ಫೋನ್‌ಗಳಿಗೆ ದತ್ತಾಂಶದ ಜೊತೆಗೆ ಕರೆಂಟೂ ಅದೇ ಕೇಬಲ್‌ನಲ್ಲಿ ಬರಬೇಕು. 2018ರ ಈಥರ್‌ನೆಟ್ ಮಾನದಂಡದ ಪ್ರಕಾರ ಸ್ವಿಚ್‌ನ ಒಂದು ಪೋರ್ಟ್ 90 ವ್ಯಾಟ್‌ವರೆಗೆ ಕೊಡಬಲ್ಲದು. ಇದು ತಾಮ್ರದಿಂದಷ್ಟೇ ಆಗುವ ಕೆಲಸ. ವೈಫೈ ಇದ್ದಮೇಲೆ ಕೇಬಲ್ಲೇ ಏಕೆ ಎನ್ನುವವರು, ಗೋಡೆಯ ಮೇಲಿನ ವೈಫೈ ಪೆಟ್ಟಿಗೆಗೂ ಹಿಂದಿನಿಂದ ತಂತಿ ಬಂದಿರುವುದನ್ನು ಗಮನಿಸಬೇಕು.

ಆವರಣದಲ್ಲಿ ಹೆಚ್ಚು ಖರ್ಚಾಗುವುದು ನೆಲ ಅಗೆಯುವುದಕ್ಕೆ. ಅಗೆದಾಗಲೇ ಇಂದಿಗೆ ಬೇಕಾದುದಕ್ಕಿಂತ ಹೆಚ್ಚು ಎಳೆಗಳಿರುವ ಸಿಂಗಲ್ ಮೋಡ್ ಕೇಬಲ್ ಹಾಕಿಸಿ. ನಾಳೆ ವೇಗ ಹೆಚ್ಚಬೇಕಾದರೆ ಎರಡೂ ತುದಿಯ ಉಪಕರಣ ಬದಲಿಸಿದರೆ ಸಾಕು, ಗುದ್ದಲಿ ಮತ್ತೆ ಹಿಡಿಯಬೇಕಿಲ್ಲ.